ಅಮೆರಿಕದವರ ಪಂಕ್ತಿ

ನಮ್ಮಮ್ಮನ ಕಿವಿ ಬಹಳ ಚುರುಕು. ಯಾರಾದರೂ ಕನ್ನಡದಲ್ಲಿ ಎರಡು ಮಾತಾಡಿದರೆ ಸಾಕು, ಇವರು ಧಾರವಾಡದ ಕಡೆಯವರು, ಇವರು ಮೈಸೂರಿನವರು, ಇವರು ಕುಂದಾಪುರದವರೇ, ಆದರೆ ಮದ್ರಾಸಿಗೆ ಬಂದು ಬಹಳ ಕಾಲವಾಗಿದೆ ಎಂದು ತೀರ್ಪು ಕೊಟ್ಟುಬಿಡುತ್ತಾಳೆ. ಆ ತೀರ್ಪು ತಪ್ಪಿದ್ದನ್ನು ನಾನು ನೋಡಿಲ್ಲ. ಪಕ್ಕದ ಫ್ಲ್ಯಾಟಿನ ಮಾಮಿ ಮಾತ್ರ ಪ್ರತಿ ದೀಪಾವಳಿಗೂ ಭಕ್ಷ್ಯದ ತಟ್ಟೆ ಹಿಡಿದು ಬಂದಾಗ "ನೀಂಗ ಬ್ಯಾಂಗಳೂರ್ ದಾನೇ?" ಎಂದು ಕೇಳುತ್ತಾರೆ. ಅಮ್ಮನ ಮುಖ ಆಗ ಹುಣಸೆಹಣ್ಣು ಕಚ್ಚಿದ ಹಾಗಾಗುತ್ತದೆ.

ಮಾಮಿ ಹೋದ ಮೇಲೆ ಶುರುವಾಗುತ್ತದೆ. "ಬೆಂಗ್ಳೂರಿಗೂ ನಮಗೂ ಎಂತ ಸಂಬಂಧ ಮಾರಾಯ್ತಿ? ನಮ್ಮದು ಉಡುಪಿ ಸೀಮೆ. ನಿನ್ನಜ್ಜ ಇಲ್ಲಿ ಬಂದು ಹೋಟ್ಲಿಟ್ಟಾಗ ಈ ಮಾಮಿ ಹುಟ್ಟಿರ್ಲೇ ಇಲ್ಲ. ಕನ್ನಡ ಮಾತಾಡಿದವ್ರೆಲ್ಲ ಬೆಂಗ್ಳೂರಾ?"

ಇಂಥ ಅಮ್ಮನಿಗೆ ಕೆನಡಾ ಬೇರೆ, ಅಮೆರಿಕ ಬೇರೆ ಎಂದು ಒಪ್ಪಿಸುವುದು ನನ್ನಿಂದ ಆಗಲಿಲ್ಲ. ಕೆನಡಾದ ಹುಡುಗಿಯ ಜೊತೆ ತಮ್ಮನ ಮದುವೆ ಮಾತಾದ ದಿನದಿಂದ ಹೇಳುತ್ತ ಬಂದೆ. ಅಡುಗೆಮನೆಯಲ್ಲಿ ಹೇಳಿದೆ, ಸೀರೆ ಅಂಗಡಿಯಲ್ಲಿ ಹೇಳಿದೆ, ಮೆಟ್ರೋದಲ್ಲಿ ನಿಂತುಕೊಂಡು ಹೇಳಿದೆ. ಹೆತ್ತವಳ ಬಗ್ಗೆ ಹೀಗನ್ನಬಾರದು, ಆದರೆ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆಯೇ ಆಯಿತು.

"ಎಲ್ಲ ಒಂದೇ ಅಲ್ವಾ? ಬೆಳ್ಳಗಿದ್ದಾರೆ, ಇಂಗ್ಲಿಷ್ ಮಾತಾಡ್ತಾರೆ."

"ನಿನ್ನನ್ನ ಬೆಂಗಳೂರಿನವಳು ಅಂದ್ರೆ ಒಂದು ವಾರ ಊಟ ಸೇರಲ್ಲ ನಿಂಗೆ."

"ಅದು ಬೇರೆ ವಿಷಯ," ಎಂದು ಅಮ್ಮ ಕೊತ್ತಂಬರಿ ಸೊಪ್ಪು ಬಿಡಿಸುತ್ತ ಕೂತಳು.

ಹುಡುಗಿ ನನ್ನ ಆಫೀಸಿಗೆ ಬಂದವಳು. ಶೋಳಿಂಗನಲ್ಲೂರಿನ ಆ ಆಫೀಸಿನಲ್ಲಿ ನನ್ನ ಕೆಲಸ, ಫೋನಿನಲ್ಲಿ ಉತ್ತರ ಅಮೆರಿಕದ ಗಿರಾಕಿಗಳಿಗೆ ಉತ್ತರ ಕೊಡುವ ಹುಡುಗ ಹುಡುಗಿಯರಿಗೆ ಮಾತಿನ ತರಬೇತಿ ಕೊಡುವುದು. ಕೆನಡಾದ ಗಿರಾಕಿಗಳು ಪದೇಪದೇ ಮುನಿಸಿಕೊಳ್ಳುತ್ತಿದ್ದರು. ನಮ್ಮವರು ಅವರನ್ನು "ನೀವು ಯಾವ ಸ್ಟೇಟ್?" ಎಂದು ಕೇಳುವುದು, ಅಮೆರಿಕದ ಹಬ್ಬಕ್ಕೆ ಶುಭಾಶಯ ಹೇಳುವುದು, ಹೀಗೆ. ಅದನ್ನು ಸರಿಮಾಡಲು ಕೆನಡಾದಿಂದ ಬಂದವಳು ಇವಳು. ಸ್ವಲ್ಪ ದಿನಕ್ಕೆಂದು ಬಂದಳು, ಇಲ್ಲೇ ಉಳಿದಳು. ಒಂದು ಭಾನುವಾರ ನಾನೇ ಮನೆಗೆ ಊಟಕ್ಕೆ ಕರೆದೆ. ತಮ್ಮ ಗಿಂಡಿಯ ಕೈಗಾರಿಕಾ ಎಸ್ಟೇಟಿನಲ್ಲಿ ಲೇತ್ ಮಶೀನುಗಳ ನಡುವೆ ಕೆಲಸ ಮಾಡುವವನು, ಹೆಣ್ಣುಮಕ್ಕಳ ಮುಂದೆ ಬಾಯಿ ಬಿಡದವನು, ಆವತ್ತು ಅವಳಿಗೆ ಪತ್ರೊಡೆ ಮಾಡುವುದು ಹೇಗೆ ಎಂದು ಊಟ ಮುಗಿದು ಕೈ ಒಣಗುವವರೆಗೆ ವಿವರಿಸಿದ. ಅವನಿಗೆ ಪತ್ರೊಡೆ ಮಾಡಲು ಬರುವುದಿಲ್ಲ. ನನಗೆ ಆಗಲೇ ಅರ್ಥವಾಗಿತ್ತು.

ಕಿವಿಯಿಂದ ಕೆನಡಾದವರನ್ನು ಗುರುತಿಸುವುದು ಹೇಗೆ ಎಂದು ಅವಳು ನಮಗೆಲ್ಲ ಪಾಠ ಮಾಡಿದಳು. 'ಹೌಸ್', 'ಅಬೌಟ್' ಅನ್ನುವಾಗ ಕೇಳಿ, ಅಲ್ಲಿ ಸ್ವರ ಕುಗ್ಗಿ ಬೇಗ ಮುಗಿಯುತ್ತದೆ ಎಂದಳು. ನಾನು ಕಿವಿಗೊಟ್ಟು ಕಲಿತೆ. ಕಲಿತೆ ಎಂದುಕೊಂಡೆ. ಆದರೆ ಗಡಿಗೆ ಹತ್ತಿರದ ಅಮೆರಿಕದವರು ಹಾಗೆಯೇ ಮಾತಾಡುತ್ತಾರೆ, ಕೆನಡಾದ ದೊಡ್ಡ ಊರುಗಳ ಹುಡುಗರು ಅಮೆರಿಕದವರ ಹಾಗೆ ಮಾತಾಡುತ್ತಾರೆ. ನಾನು ಹತ್ತು ಸಲ ಹೇಳಿದರೆ ನಾಲ್ಕು ಸಲ ತಪ್ಪುತ್ತಿತ್ತು. ಒಂದು ದಿನ ಹೆಡ್‌ಫೋನ್ ತೆಗೆದು ಮೇಜಿನ ಮೇಲೆ ಕುಕ್ಕಿ, ಇದು ನನ್ನಿಂದಾಗದು ಎಂದೆ.

ಅವಳು ನಕ್ಕಳು. "ನಮಗೂ ಎಲ್ಲ ಸಲ ಗೊತ್ತಾಗುವುದಿಲ್ಲ. ಒಂದೇ ದಾರಿ. ಅವರನ್ನು ಅಮೆರಿಕದವರು ಎಂದು ಕರೆದು ನೋಡು. ಯಾರು ಒಂದು ಕ್ಷಣ ಸುಮ್ಮನಾಗುತ್ತಾರೋ ಅವರು ಕೆನಡಾದವರು."

ಅವಳ ಅಪ್ಪ ಬಂದಾಗ ಆ ಸುಮ್ಮನಾಗುವುದನ್ನು ನಾನು ಕಣ್ಣಾರೆ ನೋಡಿದೆ. ಅವರು ಗೋಧಿ ಬೆಳೆಯುವ ಬಯಲಿನ ಒಂದು ಸಣ್ಣ ಊರಿನವರು. ಶಾಲೆಯ ಬಸ್ಸು ಓಡಿಸಿ ನಿವೃತ್ತರಾದವರು. ಹೆಂಡತಿ ತೀರಿಹೋಗಿದ್ದರು, ಇವಳೊಬ್ಬಳೇ ಮಗಳು. ಏರ್‌ಪೋರ್ಟಿನಲ್ಲಿ ಅಮ್ಮ ಆರತಿ ತಟ್ಟೆ ಒಂದು ತಂದಿರಲಿಲ್ಲ, ಅಷ್ಟೇ. ಕೈ ಮುಗಿದು "ವೆಲ್ಕಮ್, ಅಮೆರಿಕ ಸಾರ್" ಎಂದಳು. ಆ ಎತ್ತರದ ಮನುಷ್ಯ ಒಂದು ಕ್ಷಣ ಸುಮ್ಮನಾಗಿ, ಆಮೇಲೆ ಬಗ್ಗಿ ಕೈ ಮುಗಿದರು. ನನಗೆ ಅಲ್ಲೇ ಕಾರ್ ಪಾರ್ಕಿಂಗಿನ ಕಂಬಕ್ಕೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಮದುವೆ ಶಾಸ್ತ್ರೋಕ್ತವಾಗಿಯೇ ಆಗಬೇಕೆಂದು ಅಮ್ಮನ ಹಟ. ಹುಡುಗಿಗೆ ಗೋತ್ರ ಬೇಕಲ್ಲ, ಅದಕ್ಕೆ ನಮ್ಮ ಸೋದರಮಾವ ಅತ್ತೆ ಅವಳನ್ನು ಮಗಳಾಗಿ ಸ್ವೀಕರಿಸಿ ಧಾರೆ ಎರೆದು ಕೊಡುವುದೆಂದು ಭಟ್ಟರು ದಾರಿ ತೋರಿಸಿದರು. ಇದನ್ನು ಅವಳ ಅಪ್ಪನಿಗೆ ವಿವರಿಸುವ ಕೆಲಸ ನನ್ನ ತಲೆಗೆ ಬಿತ್ತು. ಇಂಗ್ಲಿಷ್ ಬರುವವಳು ನಾನೊಬ್ಬಳೇನಾ ಈ ಮನೆಯಲ್ಲಿ? ಸ್ವಂತ ಅಪ್ಪ ಎದುರಿಗೇ ಇರುವಾಗ ಇನ್ನೊಬ್ಬರು ಮಗಳನ್ನು ಕೊಡುತ್ತಾರೆ ಎಂದು ಒಬ್ಬ ಮನುಷ್ಯನಿಗೆ ಯಾವ ಬಾಯಿಂದ ಹೇಳುವುದು? ಹೇಳಿದೆ. ಅವರು ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಪೂರ್ತಿ ಕೇಳಿದರು.

"ಪಂಚೆ ಉಡುತ್ತೇನೆ. ನೆಲದ ಮೇಲೆ ಕೂರುತ್ತೇನೆ. ನೀವು ಹೇಳಿದ್ದನ್ನೆಲ್ಲ ಮಾಡುತ್ತೇನೆ," ಎಂದರು. "ಅವಳನ್ನು ಕೊಡುವ ಹೊತ್ತಿಗೆ ನನ್ನ ಕೈಯೂ ಅಲ್ಲಿರಬೇಕು. ನಾನು ಯಾರು, ಎಲ್ಲಿಂದ ಬಂದೆ ಎಂದು ಸರಿಯಾಗಿ ಹೇಳಬೇಕು. ಅವಳ ತಾಯಿಗೆ ಮಾತು ಕೊಟ್ಟಿದ್ದೇನೆ. ಇಷ್ಟೇ ಬೇಕು."

ಇಷ್ಟೇ. ಇದಕ್ಕೆ ನಾನು ಭಟ್ಟರ ಬೆನ್ನು ಬಿದ್ದೆ. ಮೊದಲು ಶಾಸ್ತ್ರದಲ್ಲಿ ಇಲ್ಲ ಎಂದರು. ಶಾಸ್ತ್ರದಲ್ಲಿ ಮೈಕೂ ಇಲ್ಲ, ವಿಡಿಯೋನೂ ಇಲ್ಲ, ಅದಕ್ಕೆಲ್ಲ ನಿಲ್ಲಿಸ್ತೀರಲ್ಲ ಎಂದು ನಾನು ಸ್ವಲ್ಪ ಜೋರಾಗಿಯೇ ಕೇಳಿದೆ. ಕಡೆಗೆ ಒಪ್ಪಿದರು. ಧಾರೆಯ ಹೊತ್ತಿಗೆ ಮೈಕಿನಲ್ಲಿ ಹುಡುಗಿಯ ಅಪ್ಪನ ಹೆಸರು, ಅವರ ತಂದೆಯ ಹೆಸರು, ಕೆನಡಾ ದೇಶ ಎಂದು ಹೇಳಿ ಕರೆಯುವುದು. ಅವರು ಬಂದು ಮಾವನ ಕೈಯ ಕೆಳಗೆ ಕೈಯಿಟ್ಟು ಕಲಶದ ನೀರು ಬಿಡುವುದು. ಭಟ್ಟರು ನನ್ನೆದುರಿಗೇ ಆ ಹೆಸರುಗಳನ್ನು ಬಾಯಿಪಾಠ ಮಾಡಿದರು. ಅವರ ಉಚ್ಚಾರ ಕೇಳಿ ಹುಡುಗಿಯ ಅಪ್ಪ ಮೊದಲ ಸಲ ಬಾಯಿ ತುಂಬ ನಕ್ಕರು.

ಇನ್ನೊಂದು ಕಡೆ ಅಮ್ಮ ಅವರಿಗೆ ಊಟದ ಮರ್ಯಾದೆ ಕಲಿಸುತ್ತಿದ್ದಳು. ಇದರಲ್ಲಿ ಅವಳಿಗೆ ನನ್ನ ಇಂಗ್ಲಿಷ್ ಬೇಕಾಗಲಿಲ್ಲ, ಕೈಸನ್ನೆಯಲ್ಲೇ ನಡೆಯಿತು. ಮದುವೆ ಮನೆಯಲ್ಲಿ ಎಲೆಗೆ ಕರೆದರೆ ಬೇಡ ಅನ್ನಬಾರದು. ಎಡಗೈ ಎಲೆಗೆ ತಾಗಬಾರದು. ಎಲ್ಲಕ್ಕಿಂತ ಮುಖ್ಯ, ಪಂಕ್ತಿಯಲ್ಲಿ ಹಿರಿಯರು ಊಟ ಮುಗಿಸಿ ಏಳುವವರೆಗೆ ಯಾರೂ ಏಳಬಾರದು, ಎದ್ದರೆ ಬಡಿಸಿದವರಿಗೆ ಅವಮಾನ. ಅವರು ಶಾಲೆಯ ಹುಡುಗನ ಹಾಗೆ ತಲೆಯಾಡಿಸುತ್ತ ಕಲಿತರು. ಅಮ್ಮನಿಗೆ ಅವರನ್ನು ಕಂಡರೆ ಪ್ರೀತಿ, ಅದರಲ್ಲಿ ಸುಳ್ಳಿಲ್ಲ. "ಅಮೆರಿಕದವ್ರಾದ್ರೂ ಎಷ್ಟು ವಿನಯ ನೋಡು," ಎಂದಳು ನನಗೆ. ನಾನು ಎದ್ದು ಬಾಲ್ಕನಿಗೆ ಹೋದೆ.

ಮುಹೂರ್ತದ ಸೀಸನ್ನು. ಮಂಟಪ ಸಿಕ್ಕಿದ್ದು ಊರಿನ ಆ ತುದಿಯಲ್ಲಿ, ಮಾಧವರಂ ಬಸ್ ನಿಲ್ದಾಣದ ಕಡೆ. ಹುಡುಗಿ ಅಮೆರಿಕದಲ್ಲಿ ಓದಿದ ಕಾಲೇಜಿನ ಗೆಳತಿಯರು, ಅವರ ಗಂಡಂದಿರು ಎಂದು ಒಂದು ಗುಂಪು ಅಲ್ಲಿಂದ ಬಂದಿತ್ತು. ಇವರು ನಿಜವಾಗಿಯೂ ಅಮೆರಿಕದವರು. ಒಳ್ಳೆಯ ಜನ, ಗಲಗಲ ಮಾತು, ಎಲ್ಲರ ಜೊತೆ ಫೋಟೋ. ಮದುವೆಯ ದಿನ ಮಧ್ಯಾಹ್ನವೇ ಅವರಿಗೆ ವಿಮಾನ. ಮಾಧವರಂನಿಂದ ಮೀನಂಬಾಕ್ಕಂ ಏರ್‌ಪೋರ್ಟ್ ಎಂದರೆ ಚೆನ್ನೈಯನ್ನು ಈ ಕಡೆಯಿಂದ ಆ ಕಡೆಗೆ ಸೀಳಿಕೊಂಡು ಹೋಗಬೇಕು. ಹಾಗಾಗಿ ಅವರನ್ನು ಮೊದಲ ಪಂಕ್ತಿಯಲ್ಲೇ ತಿಂಡಿಗೆ ಕೂರಿಸಿ, ಮುಹೂರ್ತಕ್ಕೆ ನಿಲ್ಲಿಸಿ, ಕಳುಹಿಸಿಬಿಡುವುದು ಎಂದು ತೀರ್ಮಾನವಾಯಿತು. ಖಾರವಿಲ್ಲದ ಕೊಸಂಬರಿ, ಇಡ್ಲಿ, ಖಾರದ ಗಸಿಗೆ ಬದಲು ಮೊಸರು, ಕೇಸರಿಬಾತು. ಅಮ್ಮನೇ ಮುಂದೆ ನಿಂತು ಹೇಳಿ ಮಾಡಿಸಿದ್ದು.

ನಾನು ಬೆಳಿಗ್ಗೆಯೇ ಬಡಿಸುವವರ ಮುಖ್ಯಸ್ಥನನ್ನು ಹಿಡಿದೆ. ನಮ್ಮೂರ ಕಡೆಯವನೇ, ಪಾದರಸದಂಥ ಮನುಷ್ಯ. "ನೋಡಿ, ಬಿಳಿಯರೆಲ್ಲ ಅಮೆರಿಕದವರಲ್ಲ. ಮುಂದಿನ ಕುರ್ಚಿಯಲ್ಲಿ ಪಂಚೆ ಉಟ್ಟು ಕೂತಿದ್ದಾರಲ್ಲ, ಅವರು ಹುಡುಗಿಯ ಅಪ್ಪ, ಕೆನಡಾದವರು. ಅವರನ್ನ ಮುಟ್ಟಬೇಡಿ."

"ಆಯ್ತಕ್ಕ, ಟೆನ್ಷನ್ ಮಾಡ್ಬೇಡಿ ನೀವು," ಎಂದ. ಅಷ್ಟರಲ್ಲಿ ಯಾರೋ ಕಾಫಿ ಎಂದರು, ಅವನು ಹೋದ.

ನಾನು ಹುಡುಗಿಯ ಕೋಣೆಗೆ ಹೋದೆ. ಒಂಬತ್ತು ಗಜದ ಸೀರೆ, ಅವಳ ಎತ್ತರಕ್ಕೆ ಸಾಲುತ್ತಿರಲಿಲ್ಲ, ಅತ್ತೆ ಒಂದು ಕಡೆ ಎಳೆದರೆ ನಾನು ಇನ್ನೊಂದು ಕಡೆ ಎಳೆಯುತ್ತಿದ್ದೆ. ಗಡಿಬಿಡಿಯಲ್ಲಿ ಅಜ್ಜಿ ಮೈನೆರೆದಳು ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಆ ಹೊತ್ತಿಗೆ ಹೊರಗೆ ನಡೆದದ್ದು ನನಗೆ ಆಮೇಲೆ ತಿಳಿದದ್ದು.

ಹುಡುಗಿಯ ಅಪ್ಪ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಕನ್ಯಾದಾನ ಮಾಡುವವರು ಉಪವಾಸ ಇರುತ್ತಾರೆ ಎಂದು ಯಾರಿಂದಲೋ ಕೇಳಿ, ಮಾವನ ಹಾಗೆ ತಾನೂ ಇದ್ದುಬಿಟ್ಟಿದ್ದರು. ಕಾಫಿ ಕೂಡ ಬೇಡವೆಂದಿದ್ದರು. ಅಮ್ಮ ಅವರ ಬಾಡಿದ ಮುಖ ನೋಡಿದಳು. ಹೋಮದ ಹೊಗೆಗೆ ಅವರ ಕಣ್ಣು ಕೆಂಪಗಾಗಿತ್ತು. ಬಡಿಸುವವನನ್ನು ಕರೆದು, "ಅಮೆರಿಕದವ್ರನ್ನೆಲ್ಲ ಕೂರ್ಸ್ತಾ ಇದ್ದೀರಲ್ಲ, ಇವ್ರನ್ನೂ ಕೂರ್ಸಿ ಪಾಪ, ಧಾರೆಗೆ ಇನ್ನೂ ಟೈಮುಂಟು," ಎಂದಳು. ಅಮೆರಿಕದವರು ಎಂಬ ಒಂದು ಮಾತು ಸಾಕಾಯಿತು ಅವನಿಗೆ. ನನ್ನ ಮಾತು ಎಲ್ಲಿ ಹೋಯಿತೋ. ಅವರ ಕೈ ಹಿಡಿದು ಮೆಟ್ಟಿಲಿಳಿಸಿ, ಕೆಳಗಿನ ಊಟದ ಹಾಲಿನಲ್ಲಿ, ಆ ಗುಂಪಿನ ಸಾಲಿನಲ್ಲಿ, ನಮ್ಮ ದೊಡ್ಡಪ್ಪನ ಪಕ್ಕದಲ್ಲಿ ಕೂರಿಸಿದ. ದೊಡ್ಡಪ್ಪ ಆ ಪಂಕ್ತಿಗೆ ಹಿರಿಯರು. ಬಾಯಲ್ಲಿ ಹಲ್ಲಿಲ್ಲ. ಒಂದು ಇಡ್ಲಿಯನ್ನು ಮೊಸರಲ್ಲಿ ಕಲಸಿ ಗಂಟಲಿಗಿಳಿಸುವುದಕ್ಕೆ ಅವರಿಗೆ ಒಂದು ಕಾಲ ಬೇಕು.

ಧಾರೆಗೆ ಟೈಮಿತ್ತು, ನಿಜ. ಆದರೆ ಭಟ್ಟರಿಗೆ ಪೆರಂಬೂರಿನಲ್ಲಿ ಇನ್ನೊಂದು ಮದುವೆ. ಲಗ್ನ ಆಗಲೇ ಬಂದಿದೆ, ಬೇಗ ಬನ್ನಿ ಎಂದು ಶುರುಮಾಡಿಯೇಬಿಟ್ಟರು. ನಾನು ಹುಡುಗಿಯನ್ನು ಕರೆದುಕೊಂಡು ಬಂದಾಗ ಅಂತರಪಟ ಹಿಡಿದಾಗಿತ್ತು. ಮುಂದಿನ ಕುರ್ಚಿ ಖಾಲಿಯಿತ್ತು.

"ಅವಳಪ್ಪ ಎಲ್ಲಿ?" ಎಂದು ಅಮ್ಮನನ್ನು ಕೇಳಿದೆ.

"ತಿಂಡಿಗೆ ಕೂತಿದ್ದಾರೆ. ಬರ್ತಾರೆ ತಾಳು."

ನಾನು ಭಟ್ಟರಿಗೆ ಸ್ವಲ್ಪ ನಿಲ್ಲಿ ಎಂದೆ. ಗಟ್ಟಿಮೇಳ ಶುರುವಾಗಿತ್ತು, ಕೇಳಿಸಲಿಲ್ಲ, ಅಥವಾ ಕೇಳಿಸದ ಹಾಗೆ ಮಾಡಿದರು. ಸೀರೆ ಎತ್ತಿ ಕಟ್ಟಿ ಮೆಟ್ಟಿಲಿನ ಕಡೆ ಓಡಿದೆ. ಅರ್ಧ ಇಳಿಯುವಷ್ಟರಲ್ಲಿ ವಾದ್ಯ ನಿಂತು ಸ್ಪೀಕರಿನಲ್ಲಿ ಭಟ್ಟರ ದನಿ ಬಂತು. ಅವರು ಕೊಟ್ಟ ಮಾತು ತಪ್ಪಲಿಲ್ಲ. ಹುಡುಗಿಯ ಅಪ್ಪನ ಹೆಸರು, ಅವರ ತಂದೆಯ ಹೆಸರು, ಕೆನಡಾ ದೇಶ. ಒಂದಕ್ಷರ ತಪ್ಪಿಲ್ಲದೆ ಹೇಳಿದರು. ತಿಂಗಳುಗಟ್ಟಲೆ ಊರಿಗೆಲ್ಲ ಬಾಯಿ ಬಡಿದುಕೊಂಡು ನಾನು ಸಾಧಿಸಿದ್ದು ಅದೊಂದೇ, ಅದು ಖಾಲಿ ಕುರ್ಚಿಗೆ ಹೋಯಿತು.

ಊಟದ ಹಾಲಿನಲ್ಲೂ ಸ್ಪೀಕರ್ ಇತ್ತು. ಅವರು ಕೇಳಿಸಿಕೊಂಡಿದ್ದರು. ಎಲೆಯ ಮುಂದೆ ನೆಟ್ಟಗೆ ಕೂತಿದ್ದರು, ಬಲಗೈ ಕೇಸರಿಬಾತಿನ ಮೇಲೆ ಹಾಗೇ ನಿಂತಿತ್ತು, ಕಣ್ಣು ಛಾವಣಿಯ ಕಡೆಗೆ. ಪಕ್ಕದಲ್ಲಿ ದೊಡ್ಡಪ್ಪ ಮೊಸರು ಕಲಸುತ್ತಿದ್ದರು. ಗೆಳತಿಯರು ಹಾಡು ಚೆನ್ನಾಗಿದೆ ಎಂದು ತಲೆಯಾಡಿಸುತ್ತಿದ್ದರು.

"ಏಳಿ, ಬನ್ನಿ," ಎಂದೆ.

ಅವರು ದೊಡ್ಡಪ್ಪನ ಎಲೆಯ ಕಡೆ ನೋಡಿದರು, ನನ್ನ ಕಡೆ ನೋಡಿದರು. ಅಷ್ಟರಲ್ಲಿ ಮೇಲೆ ಗಟ್ಟಿಮೇಳ ಮತ್ತೆ ಎದ್ದಿತು.

"ಮುಗಿಯಿತಾ?" ಎಂದು ಕೇಳಿದರು.

"ಮುಗಿಯಿತು."

"ಅವಳು ನನ್ನನ್ನು ಹುಡುಕಿದಳಾ?"

ಸುಳ್ಳು ಹೇಳಬಹುದಿತ್ತು. ಮೆಟ್ಟಿಲಿಳಿಯುವಾಗ ಒಮ್ಮೆ ತಿರುಗಿ ನೋಡಿದ್ದೆ. ಅಂತರಪಟದ ಹಿಂದಿನಿಂದ ಅವಳು ಕತ್ತು ಚಾಚಿ ಕುರ್ಚಿಯ ಸಾಲನ್ನೆಲ್ಲ ನೋಡುತ್ತಿದ್ದಳು. "ಹೌದು," ಎಂದೆ. ಅವರು ತಲೆಯಾಡಿಸಿ ಎಲೆಯ ಕಡೆ ನೋಡುತ್ತ ಕೂತರು.

ಆಮೇಲಿನದು ನನಗೆ ಈಗಲೂ ಹೊಟ್ಟೆ ಉರಿಸುತ್ತದೆ. ಮಗದೊಮ್ಮೆ ಧಾರೆ ಎರೆಸಿ ಎಂದರೆ, ಒಮ್ಮೆ ಎರೆದ ಧಾರೆ ಮತ್ತೆ ಎರೆಯಲಿಕ್ಕಿಲ್ಲ ಎಂದು ಭಟ್ಟರು ಚೀಲ ಕಟ್ಟಿದರು. ಮಾವ ಹೊಗೆಗೆ ಕಣ್ಣುಜ್ಜುತ್ತ, ನಾನೆಂತ ಮಾಡ್ಲಿ, ಕೊಡು ಅಂದ್ರು ಕೊಟ್ಟೆ ಎಂದರು. ಬಡಿಸುವವನು ಅಮ್ಮ ಹೇಳಿದ್ದು ಎಂದ. ಯಾರದೂ ತಪ್ಪಿಲ್ಲ. ಎಲ್ಲರೂ ಒಳ್ಳೆಯದನ್ನೇ ಮಾಡಿದವರು. ಬಯ್ಯಲು ಒಬ್ಬರೂ ಸಿಗದೆ ನಾನು ಹೂವಿನ ಬುಟ್ಟಿಯನ್ನು ಒದ್ದೆ.

ಪರಿಹಾರ ಹುಡುಕಿದವನು ವಿಡಿಯೋದವನು. ಅವನಿಗೆ ಆಲ್ಬಮ್ಮಿನಲ್ಲಿ ಹುಡುಗಿಯ ಅಪ್ಪ ಬೇಕಿತ್ತು. ಗಂಡು ಹೆಣ್ಣನ್ನು ಮತ್ತೆ ನಿಲ್ಲಿಸಿ, ಖಾಲಿ ಕಲಶಕ್ಕೆ ಬಿಸ್ಲೇರಿ ನೀರು ಹೊಯ್ದು, "ಸಾರ್, ಒರೇ ಒರು ವಾಟಿ. ಕೈ ಇಂಗ ವೈಂಗ. ಸ್ಮೈಲ್," ಎಂದು ಒಂದೇ ಒಂದು ಸಲ ಕೈಯಿಡಲು ಕೇಳಿದ. ಅವರು ಕೈಯಿಟ್ಟರು. ನೀರು ಬಿತ್ತು. ವಿಮಾನಕ್ಕೆ ಹೊರಟಿದ್ದ ಗೆಳತಿಯರು ಚಪ್ಪಾಳೆ ತಟ್ಟಿದರು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಸದ್ಯ, ಆಯ್ತಲ್ಲ," ಎಂದಳು. ಅವರು ನಕ್ಕರು ಕೂಡ, ಹೇಳಿದ ಹಾಗೆ.

ಊರಿಗೆ ಹೊರಡುವ ದಿನ ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಬೇಡ ಎಂದು ಕೈಯಾಡಿಸಿದರು. ಆಲ್ಬಮ್ ಕಳುಹಿಸುತ್ತೇವೆ ಎಂದಾಗ ಮಾತ್ರ, "ಆ ಒಂದು ಫೋಟೋ ಬಿಟ್ಟು ಉಳಿದದ್ದು ಕಳುಹಿಸಿ," ಎಂದರು. ಯಾವುದು ಎಂದು ನಾನು ಕೇಳಲಿಲ್ಲ.

ಅಮ್ಮನಿಗೆ ಅದೇ ಫೋಟೋ ಇಷ್ಟ. ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಹಾಲಿನಲ್ಲಿ ಬಾಗಿಲಿಗೆ ಎದುರಾಗಿ ತೂಗುಹಾಕಿದಳು. ಬಂದವರಿಗೆಲ್ಲ ತೋರಿಸುತ್ತಾಳೆ. ಈಗ ಅವಳಿಗೆ ಎಲ್ಲ ಸರಿಯಾಗಿ ಬರುತ್ತದೆ. ಮೊನ್ನೆ ಪಕ್ಕದ ಮಾಮಿ ಬಂದು "ಅಮೆರಿಕಾ ಸಂಬಂದಿಯಾ?" ಎಂದಾಗ, ಅಮ್ಮ ಕಾಫಿ ಲೋಟ ಕೆಳಗಿಟ್ಟು ಅವರಿಗೆ ಪಾಠವನ್ನೇ ಮಾಡಿದಳು. ಅಮೆರಿಕ ಬೇರೆ, ಕೆನಡಾ ಬೇರೆ, ಅವರು ಹಾಗೆ ಕರೆದರೆ ನೊಂದುಕೊಳ್ಳುತ್ತಾರೆ, ಬಾಯಿ ಬಿಟ್ಟು ಹೇಳುವುದಿಲ್ಲ ಅಷ್ಟೇ. ನಾನು ಅಲ್ಲೇ ಕೂತು ಕೇಳುತ್ತಿದ್ದೆ. ಇದನ್ನು ಆವತ್ತು ಒಂದು ಸಲ ಹೇಳಿದ್ದರೆ ಏನಾಗುತ್ತಿತ್ತು ನಿನಗೆ ಎಂದು ಕೇಳಬೇಕೆಂದು ನಾಲಗೆ ತುರಿಸಿತು.

ಮಾಮಿ ಹೋದ ಮೇಲೆ ಅಮ್ಮ ಸೊಸೆಯನ್ನು ಕರೆದಳು. "ಬಾ ಇಲ್ಲಿ. ನಿನ್ನಪ್ಪ ಎಷ್ಟು ಚಂದ ಬಂದಿದ್ದಾರೆ ನೋಡು ಇದ್ರಲ್ಲಿ. ನೀನು ಇದನ್ನ ನೋಡೋದೇ ಇಲ್ಲಪ್ಪ."

ಅವಳು ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಅವಳ ಕನ್ನಡ ಅಮ್ಮನದೇ, ನಿಧಾನ, ಒಂದೊಂದೇ ಪದ ಇಟ್ಟ ಹಾಗೆ. "ಅತ್ತೆ, ಆ ಫೋಟೋ ತೆಗೆಯುವಾಗ ನನ್ನ ಮದುವೆ ಆಗಿ ಹೋಗಿತ್ತು."

ಅಮ್ಮ ಫೋಟೋದ ಕಟ್ಟನ್ನು ಸೆರಗಿನಿಂದ ಒರೆಸಿದಳು. ನನ್ನ ಕಡೆ ನೋಡದೆ, ಅವಳ ಕಡೆಯೂ ನೋಡದೆ, "ನಾನೇ ಕಳ್ಸಿದ್ದು ಅವ್ರನ್ನ ಕೆಳಗೆ," ಎಂದಳು. "ಬೆಳಿಗ್ಗೆಯಿಂದ ಏನೂ ತಿಂದಿರ್ಲಿಲ್ಲ. ಹಸಿವಾಗಿರ್ತದೆ ಅಂತ."

"ಗೊತ್ತು ಅತ್ತೆ," ಎಂದಳು ಅವಳು. "ಅಪ್ಪನಿಗೂ ಗೊತ್ತು. ಅದಕ್ಕೇ ಅವರು ಎಲೆ ಬಿಟ್ಟು ಏಳಲಿಲ್ಲ."